ಮೂಟೆಗೆ ಎಷ್ಟು ಕೆಜಿ? ಲೈಬ್ರರಿಗೆ ಇನ್ನೊಂದು ಫಂಕ್ಷನ್ ಸೇರಿಸೋ ಮುಂಚೆ

(ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್ ಓದ್ತಿರೋ ಹುಡುಗ ಹುಡುಗೀರ ಮುಂದೆ, ಲೈಬ್ರರಿಗೆ ಸಣ್ಣ ಸಣ್ಣ ಫಂಕ್ಷನ್ ಸೇರಿಸ್ಬೇಕಾ ಬೇಡ್ವಾ ಅಂತ ಆಡಿದ ಮಾತು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದ್ದು, ಅಲ್ಲಲ್ಲಿ ಸ್ವಲ್ಪ ಕತ್ತರಿ ಆಡಿಸಿದೀನಿ.)

ಮೊದ್ಲು ಒಂದು ಫಂಕ್ಷನ್ ತೋರಿಸ್ತೀನಿ. ಹೆಸರು ಬ್ಯಾಗ್-ಟು-ಕೆಜಿ. ಒಳಗೆ ಇರೋದು ಒಂದೇ ಸಾಲು, ನೀವು ಕೊಟ್ಟ ಮೂಟೆ ಲೆಕ್ಕನ 50 ರಿಂದ ಗುಣಿಸಿ ವಾಪಸ್ ಕೊಡತ್ತೆ. ಹಿಂದಿನ ಬೆಂಚಲ್ಲಿ ಯಾರೋ ನಗ್ತಿದೀರಾ, ನಗಿ ಪರ್ವಾಗಿಲ್ಲ, ಈ ಒಂದು ಸಾಲು ನನ್ನ ಮೂರು ಭಾನುವಾರ ತಿಂದಿದೆ.

ನಾನು ಸಕಲೇಶಪುರದ ಕಡೆಯವನು, ಕಾಫಿ ತೋಟಗಳ ಲೆಕ್ಕಪತ್ರಕ್ಕೆ ಸಾಫ್ಟ್‌ವೇರ್ ಮಾಡ್ಕೊಡೋದು ನನ್ನ ಕೆಲಸ. ಮಾಡ್ತಾ ಮಾಡ್ತಾ ಗೊತ್ತಾಗಿದ್ದು ಏನಂದ್ರೆ ಎಲ್ಲಾ ತೋಟಕ್ಕೂ ಬೇಕಾಗೋ ಲೆಕ್ಕ ಹೆಚ್ಚು ಕಮ್ಮಿ ಒಂದೇ ಥರ, ಜಮೀನಿನ ಅಳತೆ, ಮಳೆ, ದಿನಾ ಕುಯ್ದ ಹಣ್ಣಿನ ತೂಕ, ಕಣದಲ್ಲಿ ಒಣಗಿದ ಮೇಲೆ ಉಳಿಯೋದೆಷ್ಟು, ಇವನ್ನೆಲ್ಲ ಒಟ್ಟಿಗೆ ಹಾಕಿ ಪೈಥಾನ್ ಭಾಷೇಲಿ ಒಂದು ಸಣ್ಣ ಲೈಬ್ರರಿ, ಅಂದ್ರೆ ಬೇರೆಯೋರೂ ತಮ್ಮ ಪ್ರೋಗ್ರಾಂನಲ್ಲಿ ಬಳಸ್ಬಹುದಾದ ಫಂಕ್ಷನ್‌ಗಳ ಕಟ್ಟು, ಮಾಡಿ ಯಾರಿಗೆ ಬೇಕೋ ತಗೊಳ್ಳಿ ಅಂತ ಬಿಟ್ಟೆ. ತುಂಬಾ ಜನ ಏನೂ ಬಳಸಲ್ಲ. ಆದ್ರೆ ಬಳಸೋರು ಇದಾರೆ, ಮತ್ತೆ ಅವರಲ್ಲಿ ಅರ್ಧ ಜನ ನನಗೆ ಫೋನ್ ಮಾಡೋರೇ.

ಒಂದಿನ ಒಬ್ಬ ಹುಡುಗ ಈ ಬ್ಯಾಗ್-ಟು-ಕೆಜಿ ಬರೆದು ಕಳಿಸಿದ. ಅಣ್ಣಾ, ಎಲ್ಲಾ ಕಡೆ ಇಂಟು 50 ಇಂಟು 50 ಅಂತ ಬರೆದು ಸಾಕಾಗಿದೆ, ಇದನ್ನ ಲೈಬ್ರರಿಗೇ ಹಾಕ್ಬಿಡಿ ಅಂತ. ನಮ್ಮ ಕಡೆ ಕಾಫಿ ರೇಟ್ ಹೇಳೋದೇ 50 ಕೆಜಿ ಮೂಟೆಗೆ, ಅದು ನಿಮಗೂ ಗೊತ್ತು, ಬೆಳಗಾದ್ರೆ ವಾಟ್ಸಾಪಲ್ಲಿ ಓಡಾಡೋ ರೇಟೆಲ್ಲ ಅದೇ. ನಾನಾಗ ಬಸ್ ಸ್ಟ್ಯಾಂಡಲ್ಲಿ ನಿಂತಿದ್ದೆ, ಮೊಬೈಲಲ್ಲೇ ನೋಡಿದೆ, ತಪ್ಪೇನೂ ಕಾಣ್ಲಿಲ್ಲ, ಹುಡುಗ ಪಾಪ ಆಸೆಯಿಂದ ಕಳಿಸಿದಾನೆ ಅಂತ ಅಲ್ಲೇ ಮರ್ಜ್ ಮಾಡ್ದೆ, ಅಂದ್ರೆ ಲೈಬ್ರರಿಗೆ ಸೇರಿಸ್ಬಿಟ್ಟೆ. ಬಸ್ ಬರೋ ಮುಂಚೆ ಕೆಲಸ ಮುಗೀತು.

ಆಮೇಲೆ ಸುಮಾರು ದಿನ ಬಿಟ್ಟು ಒಂದು ಫೋನ್. ರಫ್ತು ವ್ಯವಹಾರದವರು. ಸಾರ್, ನಿಮ್ಮ ಲೈಬ್ರರಿ ತೂಕ ಕಮ್ಮಿ ತೋರಿಸ್ತಿದೆ, 300 ಬ್ಯಾಗಿಗೆ 18,000 ಕೆಜಿ ಬರ್ಬೇಕಿತ್ತು, 15,000 ಅಂತಿದೆ ಅಂತ. ನನಗೆ ಒಂದು ನಿಮಿಷ ತಲೆ ಓಡ್ಲಿಲ್ಲ. ಅವ್ರು ಹೇಳ್ತಿದ್ದಿದ್ದು ಸರಿ. ಪ್ರಪಂಚದ ಕಾಫಿ ಲೆಕ್ಕದಲ್ಲಿ ಬ್ಯಾಗ್ ಅಂದ್ರೆ 60 ಕೆಜಿ, ಇಂಟರ್‌ನ್ಯಾಷನಲ್ ಕಾಫಿ ಆರ್ಗನೈಸೇಷನ್‌ನವರ ಅಂಕಿಅಂಶ ಎಲ್ಲ 60 ಕೆಜಿ ಬ್ಯಾಗಲ್ಲೇ ಇರತ್ತೆ. ಸಕಲೇಶಪುರದ ತೋಟದಲ್ಲಿ ಲೆಕ್ಕ ಬರೆಯೋ ರೈಟ್ರಿಗೆ ಮೂಟೆ 50, ಹಡಗಿಗೆ ಹಾಕೋರಿಗೆ ಬ್ಯಾಗ್ 60. ಈಗ ನಾನೇನ್ ಮಾಡ್ಲಿ? 60 ಮಾಡಿದ್ರೆ ತೋಟದೋರ ರಿಪೋರ್ಟೆಲ್ಲ ರಾತ್ರೋರಾತ್ರಿ ಉಬ್ಬುತ್ತೆ. ಇನ್ನೊಂದು ಪ್ಯಾರಾಮೀಟರ್ ಹಾಕಿ ಬ್ಯಾಗಿನ ತೂಕ ಕೇಳೋಣ ಅಂದ್ರೆ, ಮೂಟೆ ಸಂಖ್ಯೆ ಮೂಟೆ ತೂಕ ಎರಡನ್ನೂ ಕೊಟ್ರೆ ಗುಣಿಸಿ ಕೊಡೋ ಫಂಕ್ಷನ್ ಆಗತ್ತೆ, ಅದಕ್ಕೆ ಗುಣಾಕಾರ ಅಂತ ಆಗಲೇ ಒಂದು ಹೆಸರಿದೆ. ತೆಗೆದುಬಿಡೋಣ ಅಂದ್ರೆ ಬಳಸ್ತಿರೋರ ಪ್ರೋಗ್ರಾಂ ಎಲ್ಲ ಬೀಳತ್ತೆ. ಕೊನೆಗೆ ಒಂದು ವಾರ್ನಿಂಗ್ ಹಾಕಿ ಹಾಗೇ ಬಿಟ್ಟಿದೀನಿ, ಇವತ್ತಿಗೂ ಅದು ಅಲ್ಲೇ ಕೂತಿದೆ.

ಇದರಲ್ಲಿ ನಾನು ತಡವಾಗಿ ಗಮನಿಸಿದ್ದು ಇಷ್ಟು. ಆ ಹುಡುಗ ತನ್ನ ಕೋಡಲ್ಲೇ ಮೂಟೆ ಇಂಟು 50 ಅಂತ ಬರ್ಕೊಂಡಿದ್ನಲ್ಲ, ಆಗ 50 ಅನ್ನೋದು ಕಣ್ಣಿಗೆ ಕಾಣೋ ಜಾಗದಲ್ಲಿತ್ತು. ರಫ್ತಿನವರು ಅದನ್ನ ನೋಡಿದ್ರೆ ತಕ್ಷಣ, ಓ ಇದು ನಮ್ದಲ್ಲ, ಅಂತಿದ್ರು. ನಾನು ಅದನ್ನ ಫಂಕ್ಷನ್ ಒಳಗೆ ಹಾಕಿದ ಕೂಡ್ಲೇ 50 ಕಾಣೆ ಆಯ್ತು, ಬರೀ ಹೆಸರು ಉಳೀತು. ಗುಣಿಸೋ ಕಷ್ಟ ಉಳಿಸ್ತೀನಿ ಅಂತ ಹೊರಟು, ಮೂಟೆ ಅಂದ್ರೆ ಎಷ್ಟು ಅನ್ನೋ ತೀರ್ಮಾನನ ನಾನೇ ಎಲ್ಲರ ಪರವಾಗಿ ತಗೊಂಡ್ಬಿಟ್ಟೆ, ಅದೂ ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಂಡು.

ಇವತ್ತಿನ ವಿಷಯ ಇದೇ. ಲೈಬ್ರರಿಲಿ ಇರೋದನ್ನೇ ಜೋಡಿಸಿ ಒಂದು ಎರಡು ಸಾಲಲ್ಲಿ ಮಾಡ್ಕೋಬಹುದಾದ ಕೆಲಸಕ್ಕೆ ಬೇರೆ ಫಂಕ್ಷನ್ ಬೇಕಾ? ಶಾರ್ಟ್‌ಕಟ್ ಫಂಕ್ಷನ್ ಅಂತ ಕರೀತೀನಿ, ನೀವು ಏನ್ ಬೇಕಾದ್ರೂ ಕರೀರಿ.

ಈ ವಿಷಯದಲ್ಲಿ ಭಾಷೆ ಕಟ್ಟಿದೋರಲ್ಲೇ ಎರಡು ಪಂಗಡ ಇದೆ. ಪೈಥಾನ್‌ನಲ್ಲಿ ಇಂಪೋರ್ಟ್ ದಿಸ್ ಅಂತ ಟೈಪ್ ಮಾಡಿ ನೋಡಿ, ಟಿಮ್ ಪೀಟರ್ಸ್ ಬರೆದ ಸೂತ್ರಗಳು ಬರತ್ತೆ, ಅದರಲ್ಲಿ ಒಂದು, ಯಾವುದೇ ಕೆಲಸಕ್ಕೆ ಎದ್ದು ಕಾಣೋ ದಾರಿ ಒಂದಿರ್ಬೇಕು, ಆದಷ್ಟೂ ಒಂದೇ ಇರ್ಬೇಕು ಅನ್ನೋ ಅರ್ಥದ್ದು. ಅದರ ಕೆಳಗೇ ಒಂದು ತಮಾಷೆ, ಡಚ್ಚರಲ್ಲದಿದ್ರೆ ಆ ದಾರಿ ಮೊದಲಿಗೆ ಕಾಣದೇ ಇರಬಹುದು ಅಂತ, ಪೈಥಾನ್ ಮಾಡಿದ ಗೀಡೋ ವಾನ್ ರೋಸಮ್ ಡಚ್ ಅಲ್ವಾ ಅದಕ್ಕೆ. ರೂಬಿ ಭಾಷೆಯೋರು ಇದಕ್ಕೆ ಉಲ್ಟಾ. ಅವರ ಅರೇಲಿ, ಅಂದ್ರೆ ಪಟ್ಟಿಲಿ, ಮ್ಯಾಪ್ ಇದೆ, ಅದನ್ನೇ ಮಾಡೋ ಕಲೆಕ್ಟ್ ಇದೆ, ಸೈಜ್ ಇದೆ ಲೆಂತ್ ಕೂಡ ಇದೆ, ಸೆಲೆಕ್ಟ್ ಅಂತ ಮೊದಲಿಂದ ಇತ್ತು, 2018 ರಲ್ಲಿ ಅದಕ್ಕೆ ಫಿಲ್ಟರ್ ಅಂತ ಇನ್ನೊಂದು ಹೆಸರು ಕೊಟ್ರು. ಬರೆಯೋರಿಗೆ ಖುಷಿ ಆಗ್ಲಿ ಅನ್ನೋದು ಅವರ ಲೆಕ್ಕ. ಯಾರ್ ಸರಿ ಅಂತ ಕೇಳ್ಬೇಡಿ, ಎರಡರಲ್ಲೂ ಕೆಲಸ ಮಾಡಿದೀನಿ, ಎರಡರಲ್ಲೂ ತಲೆ ಕೆರ್ಕೊಂಡಿದೀನಿ.

ನಮ್ಮಲ್ಲಿ ಸುಮಾರು ಜನ ಸಾಲು ಎಣಿಸ್ತಾರೆ. ಒಂದು ಸಾಲು ತಾನೆ ಬೇಡ, ಹತ್ತು ಸಾಲಾದ್ರೆ ಇರ್ಲಿ, ಹೀಗೆ. ಈ ಅಳತೆ ನನಗೆ ಒಪ್ಪಿಗೆ ಇಲ್ಲ. 2016 ರ ಮಾರ್ಚಲ್ಲಿ ಆದ ಲೆಫ್ಟ್‌ಪ್ಯಾಡ್ ಕಥೆ ನಿಮ್ಮಲ್ಲಿ ಕೆಲವರು ಕೇಳಿರ್ತೀರ, ಒಂದು ಅಕ್ಷರಗಳ ಸಾಲಿನ ಎಡಕ್ಕೆ ಖಾಲಿ ಜಾಗನೋ ಸೊನ್ನೆನೋ ತುಂಬಿ ಉದ್ದ ಸರಿ ಮಾಡೋ 11 ಸಾಲಿನ ಪ್ಯಾಕೇಜು, ಬರೆದೋನು ಇನ್ನೊಂದು ಜಗಳಕ್ಕೆ ಬೇಜಾರಾಗಿ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಉಗ್ರಾಣ ಎನ್‌ಪಿಎಂ ಇಂದ ತನ್ನ ಪ್ಯಾಕೇಜೆಲ್ಲ ಕಿತ್ಕೊಂಡ, ಬೇಬಲ್ ಅಂತಹ ದೊಡ್ಡ ದೊಡ್ಡ ಟೂಲ್‌ಗಳ ಇನ್‌ಸ್ಟಾಲ್ ಎಲ್ಲ ದಬದಬ ಬಿತ್ತು, ಎನ್‌ಪಿಎಂನವರು ಅದನ್ನ ಅವತ್ತೇ ವಾಪಸ್ ತಂದು ಹಾಕ್ಬೇಕಾಯ್ತು. ಜನ ನಕ್ಕರು, 11 ಸಾಲು ಬರ್ಕೊಳಕ್ಕೆ ಬರ್ದೇ ಹೋಯ್ತಾ ಅಂತ. ನಾನೂ ಆಗ ನಕ್ಕಿದ್ದೆ. ಆದ್ರೆ 2017 ರ ಜಾವಾಸ್ಕ್ರಿಪ್ಟಲ್ಲಿ ಪ್ಯಾಡ್‌ಸ್ಟಾರ್ಟ್ ಅಂತ ಅದೇ ಕೆಲಸದ್ದು ಭಾಷೆ ಒಳಗೇ ಬಂತು. ಅಂದ್ರೆ ಬೇಕಾಗಿತ್ತು ಅಂತಾಯ್ತಲ್ಲ. ಸಾಲು ಎಣಿಸಿದ್ರೆ ಇದು ಗೊತ್ತಾಗಲ್ಲ.

ಹಂಗಾದ್ರೆ ಏನ್ ಎಣಿಸ್ಬೇಕು? ನಾನು ಈಗ ಒಂದೇ ಪ್ರಶ್ನೆ ಕೇಳ್ಕೋತೀನಿ, ಇದನ್ನ ನಾನು ಕೊಡದೇ ಇದ್ರೆ ಜನ ತಾವೇ ಬರ್ಕೋತಾರೆ, ಸರಿ, ಬರ್ಕೊಳ್ವಾಗ ತಪ್ಪು ಬರೀತಾರಾ?

ಒಂದು ಉದಾಹರಣೆ, ಇದನ್ನ ಮನೇಗೆ ಹೋಗಿ ಮಾಡಿ ನೋಡಿ, ಮಜಾ ಇದೆ. ನಿಮ್ಮತ್ರ ಒಂದು ಪಟ್ಟಿ ಇದೆ, ಎಲ್ಲಾ ಹೆಸರಿನ ಮುಂದೆ ಶ್ರೀ ಅಂತ ಇದೆ, ಅದನ್ನ ತೆಗೀಬೇಕು. ಪೈಥಾನ್‌ನಲ್ಲಿ ಎಲ್‌ಸ್ಟ್ರಿಪ್ ಅಂತಿದೆ, ಎಡಗಡೆದು ತೆಗೆಯತ್ತೆ, ಅದಕ್ಕೆ ಶ್ರೀ ಮತ್ತೆ ಒಂದು ಸ್ಪೇಸ್ ಕೊಟ್ರಾಯ್ತು ಅಂತ ಅನ್ಕೋತೀರ. ಶ್ರೀ ಗಿರೀಶ ಕೊಟ್ರೆ ಗಿರೀಶ ಬಂತು. ಶ್ರೀ ಮಂಜುನಾಥ, ಮಂಜುನಾಥ ಬಂತು. ಆಹಾ. ಶ್ರೀ ರಮೇಶ ಕೊಡಿ. ಬರೋದು ಮೇಶ. ಶ್ರೀ ಶರತ್ ಕೊಟ್ರೆ ಬರೋದು ಬರೀ ತ್. ಯಾಕೆ? ಎಲ್‌ಸ್ಟ್ರಿಪ್ ಶ್ರೀ ಅನ್ನೋದನ್ನ ಒಂದು ಪದ ಅಂತ ನೋಡೋದೇ ಇಲ್ಲ. ಕಂಪ್ಯೂಟರಿಗೆ ಶ್ರೀ ಅಂದ್ರೆ ಶ, ಅದನ್ನ ಅರ್ಧ ಮಾಡೋ ಹಲಂತ ಚಿಹ್ನೆ, ರ, ದೀರ್ಘ ಈಕಾರ, ನಾಲ್ಕು ಬಿಡಿ ಚೂರು, ಜೊತೆಗೆ ನೀವು ಕೊಟ್ಟ ಸ್ಪೇಸು. ಈ ಐದರಲ್ಲಿ ಯಾವುದು ಎಡಗಡೆ ಸಿಕ್ಕಿದ್ರೂ ಕಿತ್ತು ಹಾಕ್ತಾ ಹೋಗತ್ತೆ, ಬೇರೆದು ಸಿಗೋವರೆಗೂ. ರಮೇಶನ ರ ಆ ಗುಂಪಲ್ಲೇ ಇದೆ, ಹೋಯ್ತು. ಮ ಇಲ್ಲ, ಅಲ್ಲಿ ನಿಲ್ತು.

ಇಂಗ್ಲಿಷ್ ಹೆಸರುಗಳಲ್ಲೂ ಇದೇ ತಪ್ಪನ್ನ ಎಷ್ಟೋ ವರ್ಷ ಜನ ಮಾಡ್ತಾನೇ ಇದ್ರು, ಬಗ್ ಅಂತ ಪೈಥಾನ್‌ನವರಿಗೆ ಕಂಪ್ಲೇಂಟ್ ಹಾಕ್ತಾನೇ ಇದ್ರು, ಅವ್ರು ಇದು ಬಗ್ ಅಲ್ಲ ಅಂತ ಹೇಳ್ತಾನೇ ಇದ್ರು. ಸರಿಯಾಗಿ ಮಾಡೋದು ಕಷ್ಟ ಏನಿಲ್ಲ, ಸ್ಟಾರ್ಟ್ಸ್‌ವಿತ್ ಹಾಕಿ ಶ್ರೀ ಇಂದ ಶುರು ಆಗತ್ತಾ ಅಂತ ನೋಡಿ, ಹೌದಾದ್ರೆ ಅಷ್ಟು ಉದ್ದ ಕತ್ತರಿಸಿದ್ರೆ ಆಯ್ತು, ಎರಡು ಸಾಲು. ಆದ್ರೂ 2020 ರ ಅಕ್ಟೋಬರಲ್ಲಿ ಪೈಥಾನ್ 3.9 ಬಂದಾಗ ರಿಮೂವ್‌ಪ್ರಿಫಿಕ್ಸ್ ಅಂತ ಒಂದು ಹೊಸದನ್ನ ಸೇರಿಸಿದ್ರು. ಒಂದೇ ದಾರಿ ಇರ್ಬೇಕು ಅಂತ ಸೂತ್ರ ಇಟ್ಕೊಂಡಿರೋ ಪೈಥಾನ್‌ನವರೇ ಸೇರಿಸಿದ್ರು. ಇದ್ದ ದಾರಿ ನೇರ ಇತ್ತು, ಆದ್ರೆ ಪಕ್ಕದಲ್ಲೇ ಅದೇ ಥರ ಕಾಣೋ ಒಂದು ಹಳ್ಳ ಇತ್ತು, ಎಲ್ಲರೂ ಅಲ್ಲೇ ಬೀಳ್ತಿದ್ರು.

ಜಾವಾಸ್ಕ್ರಿಪ್ಟಲ್ಲೂ ಇಂತದೇ. ಪಟ್ಟಿಲಿ ಒಂದು ವಸ್ತು ಇದ್ಯಾ ಅಂತ ನೋಡಕ್ಕೆ ಇಂಡೆಕ್ಸ್‌ಆಫ್ ಸಾಕು, ಇಲ್ದಿದ್ರೆ ಮೈನಸ್ ಒಂದು ಕೊಡತ್ತೆ. ಜನ ಹೌದಾ ಇಲ್ವಾ ಅಂತ ನೋಡೋ ಇಫ್ ಒಳಗೆ ಇಂಡೆಕ್ಸ್‌ಆಫ್ ಅಂತಷ್ಟೇ ಬರೆದು ಮುಂದೆ ಹೋಗೋರು. ಮೈನಸ್ ಒಂದು ಅಂದ್ರೆ ಇಫ್‌ಗೆ ಹೌದು ಅಂತಲೇ ಅರ್ಥ, ಮೊದಲನೇ ಜಾಗದಲ್ಲಿ ಸಿಕ್ಕಿದ್ರೆ ಸೊನ್ನೆ, ಅದು ಇಲ್ಲ ಅಂತ ಅರ್ಥ. ಪೂರ್ತಿ ತಿರುಗಾಮುರುಗಾ. 2016 ರಲ್ಲಿ ಇನ್‌ಕ್ಲೂಡ್ಸ್ ಬಂತು, ಹೌದು ಅಥವಾ ಇಲ್ಲ ಅಂತ ನೇರವಾಗಿ ಹೇಳತ್ತೆ. ಅದಕ್ಕೆ ಕಂಟೇನ್ಸ್ ಅಂತ ಹೆಸರಿಡಬೇಕು ಅಂತಿದ್ರು, ಆದ್ರೆ ಮೂಟೂಲ್ಸ್ ಅಂತ ಹಳೇ ಲೈಬ್ರರಿ ಆ ಹೆಸರನ್ನ ಆಗಲೇ ಅರೇಗೆ ಅಂಟಿಸಿತ್ತು, ಅದನ್ನ ಬಳಸೋ ಹಳೇ ಸೈಟೆಲ್ಲ ಕೆಡತ್ತೆ ಅಂತ ಹೆಸರು ಬದಲಾಯಿಸಿದ್ರು. ಯಾರೋ ಯಾವತ್ತೋ ಅನುಕೂಲಕ್ಕೆ ಅಂತ ಸೇರಿಸಿದ ಒಂದು ಹೆಸರು, ಭಾಷೆ ಮಾಡೋರಿಗೇ ಅಡ್ಡ ಬಂತು ನೋಡಿ.

ಈಗ ನಮ್ಮೂರಿಗೆ ಬರೋಣ. ಗುಂಟೆ ಲೆಕ್ಕ. ಇಲ್ಲಿ ಎಷ್ಟ್ ಜನ ಮನೇಲಿ ಪಹಣಿ ನೋಡಿದೀರಾ? ಕೈ ಎತ್ತಿ. ಪರ್ವಾಗಿಲ್ಲ, ಸುಮಾರು ಜನ ಇದೀರ. 40 ಗುಂಟೆಗೆ ಒಂದು ಎಕರೆ, ಇದು ಗೊತ್ತು. ಎರಡು ಎಕರೆ ಇಪ್ಪತ್ತು ಗುಂಟೆನ ನಿಮ್ಮಪ್ಪ ಹೆಂಗ್ ಬರೀತಾರೆ? ಎರಡು, ಚುಕ್ಕಿ, ಇಪ್ಪತ್ತು. 2.20. ನಮ್ಮನೇಲೂ ಹಂಗೇ.

ಒಬ್ಬ ರೈಟ್ರು, ಮಕ್ಕಳ ಹತ್ರ ಸ್ವಲ್ಪ ಪೈಥಾನ್ ಕಲಿತಿದ್ರು, ಅವರು ಕೇಳಿದ್ರು, ಸಾರ್ ಎರಡು ಜಮೀನು ಕೂಡಕ್ಕೆ ಒಂದು ಫಂಕ್ಷನ್ ಕೊಡಿ ಅಂತ. ನಾನು ಏನ್ ದೊಡ್ಡ ಮನುಷ್ಯ, ಬ್ಯಾಗ್-ಟು-ಕೆಜಿಲಿ ಕೈ ಸುಟ್ಕೊಂಡಿದ್ದೆನಲ್ಲ, ಬೇಡ ರೈಟ್ರೇ, ಎಲ್ಲಾನೂ ಗುಂಟೆ ಮಾಡ್ಕೊಂಡು ಕೂಡಿ, 40 ರಿಂದ ಡಿವ್‌ಮಾಡ್ ಹೊಡೀರಿ, ಅದು ಭಾಗಿಸಿ ಭಾಗಲಬ್ಧ ಶೇಷ ಎರಡೂ ಕೊಡತ್ತೆ, ಎಕರೆ ಗುಂಟೆ ಎರಡೂ ಬರತ್ತೆ, ಒಂದು ಸಾಲು ಅಂತ ದೊಡ್ಡದಾಗಿ ಉಪದೇಶ ಮಾಡಿ ಕಳಿಸಿದೆ.

ಅವರು ಹಂಗೆ ಮಾಡ್ಲಿಲ್ಲ. ಯಾರೂ ಹಂಗೆ ಮಾಡ್ಲಿಲ್ಲ. 2.20 ಕ್ಕೆ 1.30 ಕೂಡಿದ್ರು, 3.50 ಬಂತು. ಮೂರು ಎಕರೆ ಐವತ್ತು ಗುಂಟೆ! ಸರಿಯಾದ ಉತ್ತರ ನಾಲ್ಕು ಎಕರೆ ಹತ್ತು ಗುಂಟೆ. 3.50 ಬಂದಾಗ ಯಾರಾದ್ರೂ ಅನುಮಾನ ಪಡ್ತಾರೆ, 39 ರ ಮೇಲೆ ಗುಂಟೆ ಇರಲ್ವಲ್ಲ ಅಂತ. ಅದಕ್ಕಿಂತ ಕೆಟ್ಟದ್ದು ಏನಂದ್ರೆ 1.10 ಕ್ಕೆ 1.15 ಕೂಡಿದ್ರೆ 2.25, ಅದು ಸರಿಯಾದ ಉತ್ತರ. ಟೆಸ್ಟ್ ಮಾಡಕ್ಕೆ ಅಂತ ಯಾರಾದ್ರೂ ಇಂತ ಸಣ್ಣ ನಂಬರ್ ತಗೊಂಡ್ರೆ ಪಾಸ್ ಆಗತ್ತೆ, ಧೈರ್ಯ ಬರತ್ತೆ. ಇನ್ನೂ ಒಂದಿದೆ ಕೇಳಿ, ಎಕ್ಸೆಲ್‌ನಲ್ಲಿ 2.20 ಅಂತ ಹೊಡೆದು ಎಂಟರ್ ಕೊಟ್ರೆ ಕೊನೇ ಸೊನ್ನೆ ತಿಂದು 2.2 ಅಂತ ತೋರಿಸತ್ತೆ. ಈಗ ಅದು ಎರಡು ಎಕರೆ ಇಪ್ಪತ್ತು ಗುಂಟೆನಾ, ಎರಡು ಎಕರೆ ಎರಡು ಗುಂಟೆನಾ? ಹದಿನೆಂಟು ಗುಂಟೆ ವ್ಯತ್ಯಾಸ. ಒಂದು ಗುಂಟೆಗೆ 1,089 ಚದರಡಿ, ಹಾಸನದಲ್ಲಿ ಸೈಟ್ ರೇಟ್ ಗೊತ್ತಿರೋರು ನೀವೇ ಲೆಕ್ಕ ಹಾಕ್ಕೊಳಿ, ಅಣ್ಣತಮ್ಮಂದಿರು ಕೋರ್ಟಿಗೆ ಹೋಗಕ್ಕೆ ಇದರ ಕಾಲು ಭಾಗ ಸಾಕು.

ಆಮೇಲೆ ಶಿರಾಡಿ ಘಾಟಿ ಇಳಿದು ದಕ್ಷಿಣ ಕನ್ನಡಕ್ಕೆ ಹೋಗಿ, ಅಲ್ಲಿ ಗುಂಟೆ ಬಿಟ್ಟು ಸೆಂಟ್ಸ್ ಅಂತಾರೆ, ನೂರು ಸೆಂಟ್ಸಿಗೆ ಒಂದು ಎಕರೆ. ಅವರಿಗೆ 2.20 ಅಂದ್ರೆ ನಿಜವಾಗ್ಲೂ ಎರಡು ಪಾಯಿಂಟ್ ಎರಡು ಎಕರೆ. ನಮಗೆ ಅದೇ 2.20 ಅಂದ್ರೆ ಎರಡೂವರೆ ಎಕರೆ. ಒಂದೇ ಬರಹ, ಘಾಟಿ ಮೇಲೊಂದು ಅರ್ಥ ಕೆಳಗೊಂದು ಅರ್ಥ.

ಕೊನೆಗೆ ಆ ಜಮೀನು ಕೂಡೋ ಫಂಕ್ಷನ್ ಸೇರಿಸಿದೆ. ನಾಚಿಕೆ ಬಿಟ್ಟು ರೈಟ್ರಿಗೆ ಫೋನ್ ಮಾಡಿ, ನೀವು ಕೇಳಿದ್ದು ಸರಿ ಇತ್ತು ಅಂತ ಹೇಳಿ ಸೇರಿಸಿದೆ. ಎಕರೆ ಬೇರೆ ಗುಂಟೆ ಬೇರೆ ಎರಡು ಪೂರ್ಣ ಸಂಖ್ಯೆ ಕೊಡ್ಬೇಕು, ಚುಕ್ಕಿ ಇರೋ ನಂಬರ್ ಕೊಟ್ರೆ ತಗೊಳಲ್ಲ, ಗುಂಟೆ 39 ರ ಮೇಲಿದ್ರೆ ಬೈಯತ್ತೆ. ಒಳಗಡೆ ಅದೇ ಡಿವ್‌ಮಾಡ್, ಅದೇ ಒಂದು ಸಾಲು. ಆ ಒಂದು ಸಾಲಿಗೆ ನಾನು ಫಂಕ್ಷನ್ ಕೊಡ್ಲಿಲ್ಲ, ಚುಕ್ಕಿ ಹಾಕಿದ ಜಮೀನನ್ನ ಬಾಗಿಲಲ್ಲೇ ನಿಲ್ಲಿಸಕ್ಕೆ ಕೊಟ್ಟೆ.

ನೋಡಿ, ಕೇಳಿದ ಕೂಡ್ಲೇ ಹೂಂ ಅಂದಿದ್ದು ಇವತ್ತಿಗೂ ಕುತ್ತಿಗೇಲಿ ನೇತಾಡ್ತಿದೆ, ಉಪದೇಶ ಮಾಡಿ ವಾಪಸ್ ಕಳಿಸಿದ್ದು ಲೈಬ್ರರಿಲೇ ಜಾಸ್ತಿ ಬಳಕೆ ಆಗೋದು.

ಮಳೆ ಲೆಕ್ಕಕ್ಕೂ ಹಿಂಗೇ ಬೇಕು ಅಂತ ಇನ್ನೊಬ್ರು ಬಂದ್ರು. ತೋಟದಲ್ಲಿ ಮಳೆ ಇನ್ನೂ ಇಂಚು ಸೆಂಟಲ್ಲೇ ಹೇಳೋದು, ಮಿಲಿಮೀಟರ್ ಅಂದ್ರೆ ಹಿರೀಕರಿಗೆ ಮಳೆ ಬಂದಂಗೇ ಆಗಲ್ಲ. ಎರಡು ಇಂಚು ಮೂವತ್ತೈದು ಸೆಂಟು, ಬರೆಯೋದು 2.35. ನೋಡಕ್ಕೆ ಗುಂಟೆ ಥರಾನೇ. ಆದ್ರೆ ಇಂಚಿಗೆ ನೂರು ಸೆಂಟು, ಅಲ್ಲಿಗೆ ಚುಕ್ಕಿ ಸರಿಯಾಗೇ ಕೂತಿದೆ, ಸುಮ್ನೆ ಕೂಡಿದ್ರೂ ಸರಿ ಬರತ್ತೆ, 25.4 ರಿಂದ ಗುಣಿಸಿದ್ರೆ ಮಿಲಿಮೀಟರು. 25.4 ಅನ್ನೋದು ಸಕಲೇಶಪುರದಲ್ಲೂ ಅಷ್ಟೇ ಸಿಂಗಾಪುರದಲ್ಲೂ ಅಷ್ಟೇ, ಮೂಟೆ ಥರ ಬದಲಾಗಲ್ಲ. ತಪ್ಪು ಮಾಡಕ್ಕೆ ಜಾಗ ಇಲ್ಲ. ಬೇಡ ಅಂದೆ. ಅವರಿಗೆ ಸ್ವಲ್ಪ ಬೇಜಾರಾಯ್ತು, ರೈಟ್ರಿಗೆ ಮಾಡ್ಕೊಟ್ರಿ ನಮಗಿಲ್ವಾ ಅಂದ್ರು. ಏನ್ ಹೇಳ್ಲಿ, ಒಬ್ಬರಿಗೆ ಹೂಂ ಅಂದ್ರೆ ಮುಂದಿನವರಿಗೆ ಅದೇ ಸಾಕ್ಷಿ ಆಗತ್ತೆ.

ಕೆಲವು ಸಲ ಕೇಳೋರಿಗೆ ಅದು ಆಗಲೇ ಇದೆ ಅಂತಲೇ ಗೊತ್ತಿರಲ್ಲ. ಕನ್ನಡ ಅಂಕಿನ ಸಂಖ್ಯೆ ಮಾಡೋ ಫಂಕ್ಷನ್ ಬೇಕು ಅಂತ ಒಬ್ಬ ನಲವತ್ತು ಸಾಲು ಬರೆದು ಕಳಿಸಿದ್ದ, ಹತ್ತು ಅಂಕಿಗೂ ಒಂದೊಂದು ಇಫ್ ಹಾಕಿ, ಎಷ್ಟು ಶ್ರಮ ಪಟ್ಟಿದ್ದ ಪಾಪ. ಪೈಥಾನ್‌ನಲ್ಲಿ ಇಂಟ್ ಒಳಗೆ ಸುಮ್ನೆ ‘೨೦೨೪’ ಅಂತ ಕೊಡಿ, 2024 ಬರತ್ತೆ. ಎಲ್ಲಾ ಭಾಷೆ ಅಕ್ಷರಗಳಿಗೂ ನಂಬರ್ ಕೊಟ್ಟಿರೋ ಯೂನಿಕೋಡ್‌ನಲ್ಲಿ ದಶಮಾಂಶ ಅಂಕಿ ಅಂತ ಗುರುತಾಗಿರೋ ಎಲ್ಲಾನೂ ಅದು ಓದತ್ತೆ, ಕನ್ನಡನೂ ಓದತ್ತೆ ತೆಲುಗೂ ಓದತ್ತೆ. ಹೇಳಿದಾಗ ಅವನು ಐದು ನಿಮಿಷ ಮೆಸೇಜೇ ಮಾಡ್ಲಿಲ್ಲ. ಆದ್ರೆ ಇದೇ ಲೈಬ್ರರಿನ ನಾಳೆ ಜಾವಾಸ್ಕ್ರಿಪ್ಟಿಗೆ ತಂದ್ರೆ ಕಥೆ ಬೇರೆ, ಅಲ್ಲಿ ನಂಬರ್‌ಗೆ ಕನ್ನಡ ಅಂಕಿ ಕೊಟ್ರೆ ನ್ಯಾನ್, ಅಂದ್ರೆ ಇದು ಸಂಖ್ಯೆನೇ ಅಲ್ಲ, ಅಂತ ಕೈ ಎತ್ತತ್ತೆ, ಅಲ್ಲಿ ಅವನ ಫಂಕ್ಷನ್ ಬೇಕೇ ಬೇಕು. ನಲವತ್ತು ಸಾಲು ಬೇಡ, ಆದ್ರೆ ಬೇಕು.

ಇನ್ನು ಬರೀ ಹೆಸರು. ಲೈಬ್ರರಿಲಿ ಆ್ಯಡ್ ಅಂತ ಇರೋ ಫಂಕ್ಷನ್‌ಗೆ ಕೂಡು ಅಂತ ಕನ್ನಡದ ಹೆಸರೂ ಇರ್ಲಿ ಅಂತ ಒಂದು ಬೇಡಿಕೆ ಬಂತು. ಮನಸ್ಸಿಗೆ ಹತ್ರ ಆದ ಬೇಡಿಕೆ, ಸುಳ್ಳು ಹೇಳಲ್ಲ. ಎರಡು ದಿನ ಯೋಚ್ನೆ ಮಾಡ್ದೆ. ಆಗ ನನಗೆ ನೆನಪಾಗಿದ್ದು ಚಿಕ್ಕಮಗಳೂರು. 2014 ರ ನವೆಂಬರ್ 1 ಕ್ಕೆ ನಮ್ಮ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯ್ತಲ್ಲ, ಬ್ಯಾಂಗಲೋರ್ ಹೋಗಿ ಬೆಂಗಳೂರು, ಚಿಕ್‌ಮಗಳೂರ್ ಹೋಗಿ ಚಿಕ್ಕಮಗಳೂರು, ಹಾಸನ ಆ ಪಟ್ಟಿಲಿ ಇರ್ಲಿಲ್ಲ, ನಾವು ಬಚಾವ್. ಒಂದು ಕಡೆ ಆನ್‌ಲೈನ್ ಫಾರ್ಮ್ ತುಂಬ್ತಿದ್ದೆ, ಜಿಲ್ಲೆ ಪಟ್ಟಿಲಿ ಹಳೇ ಸ್ಪೆಲಿಂಗೂ ಇತ್ತು ಹೊಸ ಸ್ಪೆಲಿಂಗೂ ಇತ್ತು. ಕೆಲವರು ಅದನ್ನ ಆರಿಸಿದಾರೆ ಕೆಲವರು ಇದನ್ನ, ಡೇಟಾದಲ್ಲಿ ಒಂದೇ ಜಿಲ್ಲೆ ಎರಡಾಗಿ ಕೂತಿದೆ. ಎರಡು ಹೆಸರು ಇದ್ರೆ ಹುಡುಕೋನು ಎರಡನ್ನೂ ಹುಡುಕ್ಬೇಕು. ಒಂದು ಟೀಮಲ್ಲಿ ನಾಲ್ಕು ಜನ ಆ್ಯಡ್ ಅಂತ ಬರೆದು ನಾಲ್ಕು ಜನ ಕೂಡು ಅಂತ ಬರೆದ್ರೆ, ಹೊಸಬ ಬಂದು ಇವೆರಡಕ್ಕೂ ವ್ಯತ್ಯಾಸ ಏನು ಅಂತ ಅರ್ಧ ದಿನ ಹುಡುಕ್ತಾನೆ, ವ್ಯತ್ಯಾಸ ಇಲ್ಲ ಅಂತ ಗೊತ್ತಾದ್ಮೇಲೂ ಪೂರ್ತಿ ನಂಬಲ್ಲ.

ಪೈಥಾನ್‌ನಲ್ಲಿ ಸಂಖ್ಯೆಗಳ ಲೆಕ್ಕಕ್ಕೆ ಬಳಸೋ ನಂಪೈ ಲೈಬ್ರರಿಯೋರು ಇದನ್ನ ಅನುಭವಿಸಿದಾರೆ. ಅನಂತ ಅನ್ನೋ ಒಂದು ಸಂಖ್ಯೆಗೆ ಸಣ್ಣಕ್ಷರದ ಇನ್ಫ್, ದೊಡ್ಡಕ್ಷರದ ಇನ್ಫ್, ಇನ್ಫಿನಿಟಿ, ಇನ್ಫ್ಟಿ ಅಂತ ಒಂದಿಷ್ಟು ಹೆಸರು ಸೇರ್ಕೊಂಡಿತ್ತು. 2024 ರ ಜೂನಲ್ಲಿ ನಂಪೈ 2.0 ಬಂದಾಗ ಸಣ್ಣಕ್ಷರದ್ದು ಒಂದನ್ನ ಇಟ್ಕೊಂಡು ಉಳಿದಿದ್ದೆಲ್ಲ ತೆಗೆದ್ರು. ಸೇರಿಸ್ವಾಗ ಯಾರಿಗೂ ಏನೂ ಅನ್ಸಿರಲ್ಲ, ತೆಗೆಯೋ ದಿನ ನನ್ನ ಎರಡು ಹಳೇ ಪ್ರೋಗ್ರಾಂ ನಿಂತೋಯ್ತು. ಕೂಡು ಬೇಡ ಅಂತ ತೀರ್ಮಾನ ಮಾಡ್ದೆ. ಡಾಕ್ಯುಮೆಂಟೇಷನ್ ಮಾತ್ರ ಪೂರ್ತಿ ಕನ್ನಡದಲ್ಲಿ ಬರೆದೆ, ಕೇಳಿದ ಹುಡುಗಿಗೆ ಅದೇ ಜಾಸ್ತಿ ಖುಷಿ ಆಯ್ತು.

ಅತಿಗೆ ಹೋಗೋದೂ ಬೇಡ. ಗೋ ಭಾಷೆಯೋರು ಈ ವಿಷಯದಲ್ಲಿ ಬಹಳ ಬಿಗಿ, ಏನೇ ಕೇಳಿದ್ರೂ ನೀನೇ ಬರ್ಕೋ ಅನ್ನೋ ಜಾತಿ. ಅವರಲ್ಲಿ ರಿಪ್ಲೇಸ್‌ಗೆ ಎಷ್ಟು ಸಲ ಬದಲಾಯಿಸ್ಬೇಕು ಅಂತ ಸಂಖ್ಯೆ ಕೊಡ್ಬೇಕು, ಎಲ್ಲಾ ಕಡೆ ಬದಲಾಯಿಸ್ಬೇಕಾದ್ರೆ ಮೈನಸ್ ಒಂದು. ಓದೋರಿಗೆ ಆ ಮೈನಸ್ ಒಂದು ಏನು ಅಂತ ಪ್ರತಿ ಸಲ ನೆನಪು ಮಾಡ್ಕೋಬೇಕು. 2019 ರಲ್ಲಿ ಅವರೂ ರಿಪ್ಲೇಸ್‌ಆಲ್ ಸೇರಿಸಿದ್ರು, ಒಳಗೆ ಅದೇ ಕೆಲಸ. ಮಿನ್ ಮ್ಯಾಕ್ಸ್ ಅಂತೂ ಭಾಷೆ ಒಳಗೆ ಬಂದಿದ್ದು 2023 ರಲ್ಲಿ, ಅಲ್ಲಿವರೆಗೂ ಎರಡು ಪೂರ್ಣ ಸಂಖ್ಯೆಲಿ ದೊಡ್ಡದು ಯಾವುದು ಅಂತ ಪ್ರತಿಯೊಬ್ಬರೂ ತಮ್ಮ ತಮ್ಮ ಪ್ರಾಜೆಕ್ಟಲ್ಲಿ ಬರ್ಕೋತಿದ್ರು. ಇದು ಬಿಗಿ ಜಾಸ್ತಿ ಆಯ್ತು ಅಂತ ನನ್ನ ಅಭಿಪ್ರಾಯ, ಗೋ ಬರೆಯೋರು ಇಲ್ಲಿದ್ರೆ ಆಮೇಲೆ ಕಾಫಿ ಕುಡೀತಾ ಜಗಳ ಆಡೋಣ.

ಸೇರಿಸೋದು, ಬೇಡ ಅನ್ನೋದು, ಇವೆರಡರ ಮಧ್ಯ ಇನ್ನೊಂದು ಜಾಗ ಇದೆ. ಪೈಥಾನ್ ಜೊತೆಗೇ ಬರೋ ಇಟರ್‌ಟೂಲ್ಸ್ ಅನ್ನೋ ಲೈಬ್ರರಿಯ ಡಾಕ್ಯುಮೆಂಟೇಷನ್ ಕೊನೇಲಿ ರೆಸಿಪಿಗಳು ಅಂತ ಒಂದು ಭಾಗ ಇದೆ. ಫಂಕ್ಷನ್ ಲೈಬ್ರರಿಲಿ ಇರಲ್ಲ, ಮಾಡೋ ವಿಧಾನ ಬರೆದಿರ್ತಾರೆ, ಬೇಕಾದೋರು ಕಾಪಿ ಮಾಡ್ಕೊಂಡು ತಮಗೆ ಬೇಕಾದಂಗೆ ತಿದ್ಕೋಬಹುದು. ನಮ್ಮಮ್ಮ ಹುಳಿಪುಡಿ ಕಳಿಸಲ್ಲ, ಅಳತೆ ಹೇಳ್ತಾರೆ, ನಿನಗೆಷ್ಟು ಖಾರ ಬೇಕೋ ಮೆಣಸಿನಕಾಯಿ ಹಾಕ್ಕೋ ಅಂತ, ಹಂಗೆ. ಪಕ್ಕಪಕ್ಕದ್ದನ್ನ ಜೋಡಿ ಮಾಡಿ ಕೊಡೋ ಪೇರ್‌ವೈಸ್ ಅನ್ನೋದು ಎಷ್ಟೋ ವರ್ಷ ಅಲ್ಲಿ ರೆಸಿಪಿಯಾಗೇ ಇತ್ತು, 2021 ರಲ್ಲಿ ಲೈಬ್ರರಿ ಒಳಗೆ ಬಂತು. ಪಟ್ಟಿನ ಗುಂಪು ಗುಂಪು ಮಾಡೋ ಬ್ಯಾಚ್ಡ್ ಅನ್ನೋದು 2023 ರಲ್ಲಿ. ನಾನೂ ಈಗ ಇದನ್ನ ಶುರು ಮಾಡಿದೀನಿ, ಮೂಟೆ ಲೆಕ್ಕಕ್ಕೆ ಒಂದು ರೆಸಿಪಿ ಇದೆ, ಅದರಲ್ಲಿ 50 ಅಂತ ದಪ್ಪಕ್ಷರದಲ್ಲಿ ಕಾಣತ್ತೆ, ರಫ್ತಿನವರು 60 ಮಾಡ್ಕೊಳಿ ಅಂತ ಪಕ್ಕದಲ್ಲೇ ಇದೆ.

ನಿಮ್ಮಲ್ಲೊಬ್ರು ಚೀಟಿ ಕಳಿಸಿದೀರಾ, ಫಂಕ್ಷನ್ ಸೇರಿಸಿದ್ರೆ ನಿರ್ವಹಣೆ ಖರ್ಚು ಎಷ್ಟಾಗತ್ತೆ ಅಂತ. ಟೆಸ್ಟು, ಡಾಕ್ಯುಮೆಂಟೇಷನ್ನು, ಇವೆಲ್ಲ ಸಣ್ಣ ಖರ್ಚು, ಒಂದು ಸಂಜೆ. ದೊಡ್ಡದು ಏನಂದ್ರೆ ಅದು ಏನೇನ್ ಮಾಡತ್ತೋ ಅಷ್ಟನ್ನೂ ಜನ ನಂಬ್ಕೋತಾರೆ, ನೀವು ಮಾತು ಕೊಡದೇ ಇರೋದನ್ನೂ. ಇದಕ್ಕೆ ಹೈರಮ್ ರೈಟ್ ಅನ್ನೋ ಎಂಜಿನಿಯರ್ ಹೆಸರಲ್ಲಿ ಹೈರಮ್ಸ್ ಲಾ ಅಂತಲೇ ಕರೀತಾರೆ. ನನ್ನ ಗುಂಟೆ ಫಂಕ್ಷನ್ ಉತ್ತರನ ಪ್ರಿಂಟ್ ಮಾಡ್ವಾಗ 4-10 ಅಂತ ನಡುವೆ ಗೆರೆ ಹಾಕತ್ತೆ, ಚೆನ್ನಾಗ್ ಕಾಣ್ಲಿ ಅಂತ ಹಾಕಿದ್ದು. ಯಾರೋ ಆ ಗೆರೆ ಇರೋ ಕಡೆ ಮುರಿದು ಎಕರೆ ಗುಂಟೆ ಬೇರೆ ಮಾಡ್ಕೋತಿದಾರಂತೆ. ಈಗ ಆ ಗೆರೆ ನನ್ನದಲ್ಲ.

ಕೊನೇದಾಗಿ ಇನ್ನೂ ತೀರ್ಮಾನ ಆಗದೇ ಇರೋದೊಂದು ಹೇಳ್ತೀನಿ, ನಿಮ್ಮ ಸಹಾಯ ಬೇಕು. ತಿಂಗಳ ಒಟ್ಟು ಮಳೆ ಕೊಡೋ ಫಂಕ್ಷನ್ ಒಂದು ಬಂದು ಕೂತಿದೆ. ದಿನದ ಮಳೆ ಪಟ್ಟಿ ಕೊಡೋದು, ತಿಂಗಳು ಹೇಳೋದು, ಆ ತಿಂಗಳ ದಿನಗಳನ್ನ ಆರಿಸಿ ಕೂಡೋದು. ಒಂದು ಸಾಲು, ಯಾರೂ ತಪ್ಪು ಬರೆಯಲ್ಲ, ಬೇಡ ಅಂತ ಟೈಪ್ ಕೂಡ ಮಾಡಿದ್ದೆ. ಆಮೇಲೆ ಅನುಮಾನ ಬಂತು. ಹವಾಮಾನ ಇಲಾಖೆಯೋರ ದಿನದ ಮಳೆ ಅಂದ್ರೆ ಬೆಳಗ್ಗೆ 8:30 ಕ್ಕೆ ಅಳೆದಿದ್ದು, ಹಿಂದಿನ 24 ಗಂಟೇದು. ತೋಟದಲ್ಲೂ ರೈಟ್ರು ಬೆಳಗ್ಗೆನೇ ಮಳೆ ಅಳತೆ ನೋಡೋದು. ಮಾರ್ಚ್ 31 ರ ರಾತ್ರಿ ಒಳ್ಳೆ ಹೂಮಳೆ ಬಿತ್ತು ಅನ್ಕೊಳಿ, ಅಳೆಯೋದು ಏಪ್ರಿಲ್ 1 ರ ಬೆಳಗ್ಗೆ. ಪುಸ್ತಕದಲ್ಲಿ ಯಾವ ತಾರೀಖಿಗೆ ಬರೀತಾರೆ? ನಾನು ನೋಡಿದ ಕೆಲವು ಪುಸ್ತಕದಲ್ಲಿ ಅಳೆದ ದಿನಕ್ಕೆ ಬರೆದಿದಾರೆ, ಕೆಲವರು ಬಿದ್ದ ದಿನಕ್ಕೆ ಅಂತ ಒಂದು ದಿನ ಹಿಂದಕ್ಕೆ ಹಾಕಿದಾರೆ. ಹೂಮಳೆ ಆದ ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಡತ್ತೆ, ಆ ದಿನ ಎಣಿಸೋರಿಗೆ ಇದು ಸಣ್ಣ ವಿಷಯ ಅಲ್ಲ. ಫಂಕ್ಷನ್ ಹಾಕಿದ್ರೆ ಎರಡರಲ್ಲಿ ಒಂದನ್ನ ನಾನೇ ಆರಿಸಿದಂಗೆ, ಮತ್ತೆ ಅದೇ ಮೂಟೆ ಕಥೆ. ಹಾಕದೇ ಇದ್ರೆ ಎರಡು ಥರದ ಪುಸ್ತಕನೂ ಗೊತ್ತಿಲ್ದೇ ಒಟ್ಟಿಗೆ ಕೂಡ್ತಾರೆ, ಅದು ಗುಂಟೆ ಕಥೆ.

ಆ ರಿಕ್ವೆಸ್ಟ್ ಇನ್ನೂ ಓಪನ್ ಇದೆ. ನಿಮ್ಮಲ್ಲಿ ತೋಟದ ಮನೆಯೋರು ಇದ್ರೆ ಈ ಭಾನುವಾರ ಊರಿಗೆ ಹೋದಾಗ ಮಳೆ ಪುಸ್ತಕ ತೆಗೆದು ನೋಡಿ, ಅಜ್ಜನ ಕಾಲದ್ದಿದ್ರೆ ಇನ್ನೂ ಒಳ್ಳೇದು. ಯಾವ ತಾರೀಖಿಗೆ ಬರೆದಿದಾರೆ ಅಂತ ಮನೇಲಿ ಕೇಳಿ, ಒಂದು ಫೋಟೋ ತೆಗೆದು ನನಗೆ ಕಳಿಸಿ.